ಬಟ್ಟೆಯ ಉಪಾಯ ಮುಖಕ್ಕಲ್ಲ

ಹೊಸದಾಗಿ ಹೊಲಿದ ಬಿಳಿ ಕೋಟಿನ ಕಾಲರ್ ಮೇಲೆ ಜಿಡ್ಡಿನ ಕಲೆ ಬಿದ್ದಿತ್ತು. ಎಲ್ಲಿಂದ ಬಂತೆಂದು ಟೈಲರಮ್ಮ ಯಾರನ್ನೂ ಕೇಳಬೇಕಾಗಿರಲಿಲ್ಲ. ಗುಂಡಿ ಹಾಕುತ್ತ ಕೂತಿದ್ದ ಮಗಳ ಹಣೆ, ಮೂಗು ಮಿರಮಿರ ಮಿಂಚುತ್ತಿದ್ದವು. ನಿನ್ನೆ ತಾನೇ ತೊಳೆದ ಕೂದಲು ನೆತ್ತಿಗೆ ಅಂಟಿಕೊಂಡಿತ್ತು.

"ಕೊಳಕಿ. ಮುಖ ತೊಳೆಯೋಕೂ ಸೋಮಾರಿತನ ನಿಂಗೆ. ನನ್ನ ಮಾನ ಯಾಕೆ ಕಳೀತೀಯ?" ಎಂದು ಗಿರಾಕಿಗಳ ಎದುರಿಗೇ ಗದರಿದಳು.

ಹದಿನಾರರ ಹುಡುಗಿ ತಲೆ ಎತ್ತಲಿಲ್ಲ.

ಹೊಲಿಗೆಯವರಿಗೆ ಜಿಡ್ಡು ತೆಗೆಯುವ ಉಪಾಯ ಗೊತ್ತೇ ಇರುತ್ತದೆ. ಬಟ್ಟೆಗೆ ಮೆಷಿನ್ ಎಣ್ಣೆ ತಾಕಿದರೆ ಗುರುತು ಹಾಕುವ ಸೀಮೆಸುಣ್ಣವನ್ನು ಪುಡಿ ಮಾಡಿ ಉಜ್ಜುತ್ತಾರೆ, ಆಮೇಲೆ ಬಟ್ಟೆ ಸೋಪು ಹಾಕಿ ತಿಕ್ಕುತ್ತಾರೆ. ಟೈಲರಮ್ಮ ಅದನ್ನೇ ಮಗಳ ಮುಖಕ್ಕೂ ಹೇಳಿಕೊಟ್ಟಳು, ಅದೂ ದಿನಕ್ಕೆ ಆರು ಸಲ. ವಾರ ಕಳೆಯುವಷ್ಟರಲ್ಲಿ ಕೆನ್ನೆ ಬಿರಿದು ಕೆಂಪಾಯಿತು, ಮೊಡವೆಗಳು ಕೀವು ತುಂಬಿ ಊದಿಕೊಂಡವು. ಹುಡುಗಿ ಅಂಗಡಿಗೆ ಬರುವುದನ್ನೇ ಬಿಟ್ಟಳು. "ಇನ್ನು ಹೊಲಿಗೆ ಕಲಿಯಲ್ಲ, ಯಾರಿಗೂ ಮುಖ ತೋರಿಸಲ್ಲ" ಎಂದು ಒಳಕೋಣೆ ಸೇರಿಕೊಂಡಳು.

ಆ ಬಿಳಿ ಕೋಟು ಹೊಲಿಯಲು ಕೊಟ್ಟಿದ್ದ ಆರೋಗ್ಯ ಕೇಂದ್ರದ ನರ್ಸಮ್ಮ ಅದನ್ನು ಒಯ್ಯಲು ಬಂದರು.

"ಮಗಳೆಲ್ಲಿ, ಕಾಣ್ತಾ ಇಲ್ಲ?"

"ನೆಂಟರ ಮನೆಗೆ ಹೋಗಿದ್ದಾಳೆ" ಎಂದಳು ಟೈಲರಮ್ಮ. ಆ ಕ್ಷಣಕ್ಕೇ ಒಳಗಿನಿಂದ ಕೆಮ್ಮು ಕೇಳಿಸಿತು. ಸುಳ್ಳು ಅಷ್ಟು ಬೇಗ ಸಿಕ್ಕಿಬಿದ್ದದ್ದಕ್ಕೆ ಅವಳಿಗೆ ನಾಚಿಕೆಯಾಯಿತು.

ಕರೆದಾಗ ಹುಡುಗಿ ಮುಖಕ್ಕೆ ಟವೆಲ್ ಅಡ್ಡ ಹಿಡಿದುಕೊಂಡು ಬಂದಳು. ನರ್ಸಮ್ಮ ಮೆಲ್ಲಗೆ ಸರಿಸಿ ನೋಡಿದರು. ಏನು ಹಚ್ಚಿದಳೆಂದು ತಾಯಿಯೇ ತಡವರಿಸುತ್ತ ಹೇಳಬೇಕಾಯಿತು.

"ಜಿಡ್ಡು ಅಂದ್ರೆ ಕೊಳೆ ತಾನೇ?" ಎಂದಳು ಟೈಲರಮ್ಮ.

"ಅಲ್ಲಮ್ಮ. ಕೂದಲಿನ ಬುಡದಲ್ಲಿ ಸಣ್ಣ ಸಣ್ಣ ಗ್ರಂಥಿಗಳಿವೆ. ಆ ಜಿಡ್ಡು ಅಲ್ಲಿಂದ ಬರುತ್ತೆ. ಅದಿರೋದಕ್ಕೇ ಚರ್ಮ, ಕೂದಲು ಒಣಗದೆ ಮೃದುವಾಗಿರುತ್ತೆ. ಈ ವಯಸ್ಸಲ್ಲಿ ಅದು ಜಾಸ್ತಿ ಬರುತ್ತೆ, ರಂಧ್ರ ಕಟ್ಟಿಕೊಂಡ್ರೆ ಮೊಡವೆ ಆಗುತ್ತೆ. ಇದರಲ್ಲಿ ಅವಳ ತಪ್ಪೇನಿದೆ?"

"ಹಾಗಾದ್ರೆ ತೊಳೀಲೇಬಾರ್ದಾ?"

"ತೊಳೀಲಿ. ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ, ಬೆವತಾಗ ಒಂದ್ಸಲ. ಮುಖಕ್ಕೆ ಹಾಕೋ ಮೃದುವಾದ ಸೋಪು, ಉಗುರುಬೆಚ್ಚಗಿನ ನೀರು ಸಾಕು. ತಿಕ್ಕೋದು ಬೇಡ, ಟವೆಲ್ ಒತ್ತಿ ಒರೆಸ್ಕೊಳ್ಳಲಿ. ನೆತ್ತಿ ಜಿಡ್ಡಾದ್ರೆ ಶಾಂಪೂ ಹಾಕಲಿ, ಅದರ ಮೇಲೆ ನೀವು ಮತ್ತೆ ಎಣ್ಣೆ ಸುರೀಬೇಡಿ. ಮೊಡವೆ ಚಿವುಟಬಾರ್ದು. ಇಷ್ಟು ಊದಿದೆಯಲ್ಲ, ನಾಳೆ ಡಾಕ್ಟರಿಗೆ ತೋರ್ಸಿ."

ಟೈಲರಮ್ಮ ಅಷ್ಟು ಸುಲಭಕ್ಕೆ ಒಪ್ಪುವವಳಲ್ಲ. "ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು?"

"ನಿಮ್ಮ ಕೆನ್ನೆ ಮೇಲಿನ ಹಳೇ ಮೊಡವೆ ಗುಳಿಗಳು ಮತ್ತೇನಮ್ಮ?"

ಟೈಲರಮ್ಮ ತನ್ನ ಕೆನ್ನೆ ಮುಟ್ಟಿ ನೋಡಿಕೊಂಡಳು. ಅಣ್ಣಂದಿರು ಆಡಿಕೊಂಡು ನಗುತ್ತಿದ್ದುದು, ತಾನು ಎರಡು ವರ್ಷ ತಲೆ ತಗ್ಗಿಸಿಯೇ ನಡೆದದ್ದು ನೆನಪಾಯಿತು. ಎಲ್ಲ ಗೊತ್ತಿದ್ದವಳೇ ಮಗಳಿಗೆ ಹೀಗೆ ಮಾಡಿದೆನಲ್ಲ ಎಂದು ಅವಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅಂಗಡಿಯಲ್ಲಿ ಇನ್ನೂ ಮೂವರು ಗಿರಾಕಿಗಳಿದ್ದರು. ಅವರು ಹೋಗಲಿ ಎಂದು ಅವಳು ಕಾಯಲಿಲ್ಲ.

"ನೀನು ಕೊಳಕಿ ಅಲ್ಲ ಮಗಳೇ. ತಪ್ಪು ನಂದು" ಎಂದಳು. ಹುಡುಗಿ ಅಳುತ್ತಲೇ ತಾಯಿಯ ಪಕ್ಕದ ಸ್ಟೂಲಿನ ಮೇಲೆ ಕೂತಳು.

ಅಮ್ಮಂದಿರೇ, ಅಪ್ಪಂದಿರೇ, ಮುಖ ಮರೆಸಿಕೊಂಡು ಓಡಾಡುವ ಮಕ್ಕಳು ನಿಮ್ಮ ಮನೆಯಲ್ಲೂ ಇರಬಹುದು. ಅವರಿಗೆ ಬಟ್ಟೆ ಸೋಪೂ ಬೇಡ, ಬೈಗುಳವೂ ಬೇಡ. ಮೊಡವೆ ಹೆಚ್ಚಾದರೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಹೊರಡುವ ಮೊದಲು, ಅವರನ್ನು ಏನೆಂದು ಕರೆದಿದ್ದಿರಿ ಎಂದು ನೆನಪಿಸಿಕೊಂಡು, ಆ ಮಾತನ್ನು ವಾಪಸು ತೆಗೆದುಕೊಳ್ಳಿ.