ಐದನೇ ಚುಕ್ಕಿ

"ಈ ಚುಕ್ಕಿ ಯಾಕ್ರೀ ಗೆರೆ ಬಿಟ್ಟು ಆಕಾಶಕ್ಕೆ ಹಾರಿದೆ?" ಎಂದು ಮೇಷ್ಟ್ರು ನಕ್ಷೆಯ ಹಲಗೆಯ ಮೇಲೆ ಬಗ್ಗಿದರು. ಹೊಟ್ಟೆ ಮೇಜಿಗೆ ತಾಗಿ ಸ್ಕೇಲು ಅಲುಗಿತು. ಮಸಿಯಮ್ಮ ಅದನ್ನು ಸರಿಮಾಡಿದಳೇ ಹೊರತು ಮುಖ ಎತ್ತಲಿಲ್ಲ.

ಭೌತಶಾಸ್ತ್ರ ವಿಭಾಗದ ನಕ್ಷೆಗಳನ್ನೆಲ್ಲ ಮಸಿಯಲ್ಲಿ ತಿದ್ದುವುದು ಇಪ್ಪತ್ತೆರಡು ವರ್ಷದಿಂದ ಅವಳ ಕೆಲಸ. ಅವಳ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ವಿಜ್ಞಾನ ಓದಿದವಳಲ್ಲ. ಆದರೆ ಒಂದೇ ನಕ್ಷೆಯನ್ನು ಹತ್ತಾರು ಸಲ ಬರೆದವಳಿಗೆ ಅಷ್ಟಿಷ್ಟು ತಿಳಿಯದೆ ಇರುತ್ತದೆಯೇ? ಮೆಸಾನ್‌ಗಳೆಂದರೆ ಹುಟ್ಟಿದ ಕ್ಷಣದಲ್ಲೇ ಸಾಯುವ ಕಣಗಳು. ಒಂದು ಮನೆತನದ ಮೆಸಾನ್‌ಗಳನ್ನು ಅವುಗಳ ಸ್ಪಿನ್, ಅಂದರೆ ಗಿರಕಿಯ ಅಳತೆಯ ಪ್ರಕಾರ ಒಂದು, ಎರಡು, ಮೂರು ಎಂದು ಸಾಲಾಗಿ ನಿಲ್ಲಿಸಿ, ಪ್ರತಿಯೊಂದರ ದ್ರವ್ಯರಾಶಿಯ ವರ್ಗವನ್ನು ಮೇಲಕ್ಕೆ ಗುರುತಿಸಿದರೆ ಚುಕ್ಕಿಗಳು ಹೆಚ್ಚೂಕಡಿಮೆ ನೇರ ಗೆರೆಯಲ್ಲಿ ಕೂರುತ್ತವೆ. ಆ ಗೆರೆಯನ್ನು ಕಂಡುಹಿಡಿದವರು ವಿಭಾಗದ ಮುಖ್ಯಸ್ಥರಾಗಿದ್ದ ಮೇಷ್ಟ್ರಲ್ಲ. ಯಾರೋ ಕಂಡದ್ದನ್ನು ಅವರು ಪಿತ್ರಾರ್ಜಿತ ಆಸ್ತಿಯ ಹಾಗೆ ಕಾಯುತ್ತಿದ್ದರು, ಅಷ್ಟೇ. "ಹೆಚ್ಚೂಕಡಿಮೆ" ಎಂಬ ಮಾತನ್ನು ಮಾತ್ರ ಕೈಬಿಟ್ಟಿದ್ದರು.

ಚುಕ್ಕಿ ಕೂದಲೆಳೆಯಷ್ಟು ಆಚೆ ಬಿದ್ದರೆ "ಸ್ವಲ್ಪ ದಪ್ಪ ಮಾಡ್ರಿ" ಎನ್ನುತ್ತಿದ್ದರು. ಅವಳು ದಪ್ಪ ಮಾಡುತ್ತಿದ್ದಳು. ಊದಿಕೊಂಡ ಚುಕ್ಕಿ ಗೆರೆಗೆ ತಾಗುತ್ತಿತ್ತು. ದೂರದಿಂದ ಬಂದ ಪಂಡಿತರು ಅದನ್ನು ನೋಡಿ ತಲೆದೂಗುತ್ತಿದ್ದರು. ಇಷ್ಟೆಲ್ಲ ಓದಿದವರಿಗೆ ಒಂದು ಹನಿ ಮಸಿ ಸಾಕು ಎಂದು ಗೊತ್ತಾದ ಮೇಲೆ ಅವಳಿಗೆ ಅವರ ಮೇಲೂ ಗೌರವ ಉಳಿಯಲಿಲ್ಲ, ತನ್ನ ಕೈಯ ಮೇಲೂ ಉಳಿಯಲಿಲ್ಲ.

ಈ ಐದನೇ ಚುಕ್ಕಿ ಅಂಥ ಉಪಾಯಕ್ಕೆ ಬಗ್ಗುವಂಥದ್ದಲ್ಲ. ಗೆರೆಗಿಂತ ಬೆರಳಗಲ ಮೇಲಿತ್ತು. ಅದನ್ನು ಮೂರು ವರ್ಷ ಕೂತು ಅಳೆದವನು ಅದೇ ವಿಭಾಗದಲ್ಲಿದ್ದ ಮೇಷ್ಟ್ರ ಅಳಿಯ. ಈಗ ಮಾವನ ಬೆನ್ನ ಹಿಂದೆ, ಹೆಣ್ಣು ನೋಡಲು ಬಂದವನ ಹಾಗೆ ಕೈಕಟ್ಟಿ ನಿಂತಿದ್ದ.

"ಅಳತೇಲಿ ತಪ್ಪಾಗಿದೆ. ಇದನ್ನ ಕೆಳಗಿಳಿಸಿ," ಎಂದರು ಮೇಷ್ಟ್ರು.

ಮಸಿಯಮ್ಮ ಅಳಿಯನನ್ನೇ ಕೇಳಿದಳು. "ಎಷ್ಟು ಸಲ ಅಳೆದ್ರಿ?"

"ಆರು ಸಲ."

"ಎಲ್ಲಿ ಬಂತು?"

"ಆರು ಸಲಾನೂ ಅಲ್ಲೇ ಬಂತು." ಅವನು ಮಾವನ ಕತ್ತಿನ ಕಡೆ ನೋಡಿದ. "ಆದರೂ... ಮಾವ ಹೇಳಿದ ಹಾಗೇ ಮಾಡಿಬಿಡಿ."

"ಯಾಕೆ, ಬಾಯಿ ಬಾಡಿಗೆಗೆ ಕೊಟ್ಟಿದೀರಾ?"

ಅಳಿಯನ ಕಿವಿ ಕೆಂಪಾಯಿತು.

"ನಿಮಗೆ ಗೆರೆ ಎಳೆಯೋಕೆ ಸಂಬಳ ಕೊಡೋದು, ಉಪದೇಶಕ್ಕಲ್ಲ," ಎಂದರು ಮೇಷ್ಟ್ರು.

"ಹಾಗಾದ್ರೆ ಚುಕ್ಕಿ ನೀವೇ ಇಡಿ ಸಾರ್. ಇನ್ಮೇಲೆ ಇದು ನನ್ನ ಕೈಲಾಗಲ್ಲ."

ಅವಳು ಎದ್ದು ಕುರ್ಚಿ ಬಿಟ್ಟುಕೊಟ್ಟಳು. ಮೇಷ್ಟ್ರು ಕೂತರು. ಎಂದೂ ಮಸಿಯ ಪೆನ್ನು ಹಿಡಿದವರಲ್ಲ. ಅದನ್ನು ಚಮಚದ ಹಾಗೆ ಎತ್ತಿ ಕಾಗದಕ್ಕೆ ಒತ್ತಿದರು. ಮಸಿ ಗುಳಕ್ಕೆಂದು ಸುರಿದು ನಾಲ್ಕು ಚುಕ್ಕಿ, ಅರ್ಧ ಗೆರೆ, ಅವರದೇ ಹೆಸರು, ಎಲ್ಲವನ್ನೂ ನುಂಗಿತು. ಅಳಿಯ ಜೇಬಿನಿಂದ ಕರವಸ್ತ್ರ ತೆಗೆದು ಮಾವನ ಬೆರಳು ಒರೆಸತೊಡಗಿದ. ಅಷ್ಟು ಹೊತ್ತು ಅವಳಿಗೆ ಅವನ ಮೇಲೆ ಇದ್ದದ್ದು ಸಿಟ್ಟು. ಆ ಕರವಸ್ತ್ರ ಕಂಡ ಮೇಲೆ ಅದೂ ದಂಡ ಅನ್ನಿಸಿತು.

ಆ ನಕ್ಷೆ ಸೇರಬೇಕಿದ್ದ ಮೇಷ್ಟ್ರ ಲೇಖನ ನಾಲ್ಕೇ ಚುಕ್ಕಿಗಳೊಂದಿಗೆ ಅಚ್ಚಾಯಿತು. ಮಸಿಯಮ್ಮನನ್ನು ನೆಲಮಾಳಿಗೆಗೆ ಕಳಿಸಿದರು. ಬಾಗಿಲುಗಳಿಗೆ, ಗೋಡೆಗಳಿಗೆ ಬೋರ್ಡು ಬರೆಯುವ ಕೆಲಸ. ಬಣ್ಣದ ವಾಸನೆಗೆ ಮೊದಲ ತಿಂಗಳು ತಲೆನೋವು ಬಂತು, ಆಮೇಲೆ ಅಭ್ಯಾಸವಾಯಿತು. "ಕೈತೊಳೆಯುವ ಸ್ಥಳ" ಎಂದು ಬರೆದ ಜಾಗದಲ್ಲಿ ಜನ ಕೈ ತೊಳೆಯುತ್ತಿದ್ದರು. ಮೇಲಿನ ಇಪ್ಪತ್ತೆರಡು ವರ್ಷದಲ್ಲಿ ಅವಳಿಗೆ ಇಂಥ ನೆಮ್ಮದಿ ಸಿಕ್ಕಿರಲಿಲ್ಲ.

ಎರಡು ವರ್ಷದ ಮೇಲೆ ಒಂದು ಮಧ್ಯಾಹ್ನ ಅಳಿಯ ಮೆಟ್ಟಿಲಿಳಿದು ಬಂದ. ಕೈಯಲ್ಲಿ ಒಂದು ಪತ್ರಿಕೆ ಇತ್ತು. ಕೂತುಕೊಳ್ಳಲು ಜಾಗವಿಲ್ಲದೆ ಗೋಡೆಯ ಪಕ್ಕ ನಿಂತ.

"ಬೇರೆ ಪ್ರಯೋಗಾಲಯದವರು ಐದನೇದನ್ನ ಅಳೆದಿದಾರೆ. ನನಗೆ ಬಂದಷ್ಟೇ ಬಂದಿದೆ, ಅಮ್ಮಾ."

"ಸಂತೋಷ. ಹೆಸರು ಯಾರದಿದೆ?"

"ಆ ಪ್ರಯೋಗಾಲಯದವರದೇ." ಅವನು ಹಿಂದಕ್ಕೆ ಒರಗಿ ಕಣ್ಣು ಮುಚ್ಚಿಕೊಂಡ.

"ಮಾವ ಏನಂದ್ರು?"

"ಗೆರೆ ಮೇಲೆ ಹೋಗ್ತಾ ಬಾಗುತ್ತೆ ಅಂತ ಅವರಿಗೆ ಮೊದಲೇ ಗೊತ್ತಿತ್ತಂತೆ. ಅದರ ಮೇಲೇ ಹೊಸ ಲೇಖನ ಬರೀತಿದಾರೆ. ಬಾಗಿದ ಗೆರೆಯ ನಕ್ಷೆ ಬೇಕಂತೆ. ನಿಮ್ಮನ್ನ ಮತ್ತೆ ಮೇಲಕ್ಕೆ ಕರೆದಿದಾರೆ."

"ನೀವೇನಂದ್ರಿ?"

ಅವನು ಕೈಯಲ್ಲಿದ್ದ ಪತ್ರಿಕೆಯನ್ನು ಸುರುಳಿ ಸುತ್ತತೊಡಗಿದ.

ಮಸಿಯಮ್ಮ ಕುಂಚವನ್ನು ಸೀಮೆಎಣ್ಣೆಯಲ್ಲಿ ಅದ್ದಿ ತೊಳೆದಳು. "ಬರಲ್ಲ ಅಂದ್ಲು ಅಂತ ಹೇಳಿ," ಎಂದಳು. ಸ್ವಲ್ಪ ಯೋಚಿಸಿ, "ಬೇಡ, ಅಷ್ಟು ದೊಡ್ಡ ಮಾತು ನಿಮ್ಮ ಕೈಲಾಗಲ್ಲ. ನಾಳೆ ನಾನೇ ಬಂದು ಹೇಳ್ತೀನಿ," ಎಂದಳು.

ಅವನು ತಲೆಯಾಡಿಸಿ ಹೊರಟ. ಗ್ರಂಥಾಲಯಕ್ಕೆಂದು ಬರೆದು ಗೋಡೆಗೆ ಆನಿಸಿ ಒಣಗಲು ಇಟ್ಟಿದ್ದ ಬೋರ್ಡಿಗೇ ಅವನು ಅಷ್ಟು ಹೊತ್ತು ಬೆನ್ನು ಒರಗಿಸಿದ್ದ. ಮೆಟ್ಟಿಲು ಹತ್ತುತ್ತಿದ್ದ ಅವನ ಬಿಳಿ ಅಂಗಿಯ ಬೆನ್ನಿನ ಮೇಲೆ 'ಮಾತನಾಡಬಾರದು' ಎಂಬ ಕಪ್ಪು ಅಕ್ಷರಗಳು ಹಿಂದುಮುಂದಾಗಿ ಮೂಡಿದ್ದವು. ಅವಳು ಕರೆಯಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅವನು ತಿರುವಿನಲ್ಲಿ ಮರೆಯಾದ.