ಹೆದ್ದಾರಿಯ ನಡುವೆ ಎರಡು ರಾಶಿ

ರಸ್ತೆ ಅಗಲವಾದ ಮೇಲೆ ಮುಂಡರಗಿಯಿಂದ ಗದಗಿಗೆ ಹೋಗುವ ಮುಂಜಾನೆಯ ಬಸ್ಸಿಗೆ ಸೊಕ್ಕು ಬಂದಿತ್ತು. ಡಂಬಳ ದಾಟಿತೆಂದರೆ ಮುಗಿಯಿತು, ಕಳಕವ್ವನ ಊರಿನ ಕ್ರಾಸಿನಲ್ಲಿ ಕೈ ಮಾಡಿದವರ ಮುಖಕ್ಕೆ ಧೂಳು ಹೊಡೆದು ಹೋಗುತ್ತಿತ್ತು. ನಾಲ್ಕು ದಿನ ಅವಳ ಸೊಸೆ ಕಾವೇರಿ ಕಾಲೇಜಿನ ಚೀಲ ಹೊತ್ತುಕೊಂಡು ಹಾಗೇ ಮನೆಗೆ ತಿರುಗಿ ಬಂದಳು. ಇನ್ನೊಂದು ದಿನ ತಪ್ಪಿದರೆ ಹಾಜರಿ ಸಾಲದು, ಬಿ.ಎ. ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಕಾಲೇಜಿನವರು ಹೇಳಿಬಿಟ್ಟಿದ್ದರು.

"ಹೋಗ್ಲಿ ಬಿಡ್ರಿ ಅತ್ತಿ, ಮನ್ಯಾಗ ಇರ್ತೀನಿ."

"ಮನ್ಯಾಗ ಕುಂತು ನನ್ನ ಮಾರಿ ನೋಡ್ತಿ? ನಡಿ, ಚೀಲ ತಗೋ."

ಸುಗ್ಗಿಯ ದಿನಗಳು. ಆ ಕಡೆ ಎಲ್ಲರೂ ಹುರುಳಿ ಬಳ್ಳಿಯನ್ನು ಡಾಂಬರಿನ ಮೇಲೆ ಹರವುತ್ತಾರೆ. ಲಾರಿ, ಬಸ್ಸು ತುಳಿದು ಹೋಗುತ್ತವೆ, ಕಾಳು ಉದುರುತ್ತದೆ. ಅದಕ್ಕಾಗಿ ಯಾವ ಡ್ರೈವರನೂ ಬ್ರೇಕ್ ಒತ್ತುವುದಿಲ್ಲ. ಹಾಗಾಗಿ ಕಳಕವ್ವ ಬಳ್ಳಿ ಹರವಲಿಲ್ಲ. ತೂರಿ ಇಟ್ಟಿದ್ದ ಕಾಳನ್ನೇ ಬುಟ್ಟಿಯಲ್ಲಿ ಹೊತ್ತು ತಂದು, ಕ್ರಾಸಿನ ಹತ್ತಿರ ರಸ್ತೆಯ ನಡುವೆ ಗಾಲಿ ಹಾಯುವಲ್ಲೇ ಎಡಕ್ಕೊಂದು ಬಲಕ್ಕೊಂದು ರಾಶಿ ಸುರಿದಳು. ಕಣದಲ್ಲಿ ರಾಶಿ ಪೂಜೆಗೆ ಮಾಡುವಂತೆ ಎರಡರ ಮೇಲೂ ಸೆಗಣಿಯ ಬೆನಕಪ್ಪನನ್ನು ಕೂರಿಸಿ, ಗರಿಕೆ ಸಿಕ್ಕಿಸಿ, ಚಪ್ಪಲಿ ಬಿಟ್ಟು ನಿಂತಳು.

ಬಸ್ಸು ಹಾರ್ನು ಹೊಡೆಯುತ್ತಾ ಬಂದು ಎರಡು ಮಾರು ದೂರದಲ್ಲಿ ಗಕ್ಕನೆ ನಿಂತಿತು.

"ಏ ಯವ್ವಾ, ಇದು ರೋಡ್ ಐತೋ ನಿಮ್ಮ ಕಣ ಐತೋ?" ಡ್ರೈವರ್ ಫಕೀರೇಶ ಒದರಿದ.

"ಹಾಯ್ಸೋ ತಮ್ಮಾ, ಯಾರು ಬ್ಯಾಡಂದ್ರು?"

"ರಾಶಿ ಮ್ಯಾಲ ಗಾಲಿ ಹ್ಯಾಂಗ ಹಾಯಸ್ಲಿಬೇ? ನಾನೂ ಒಕ್ಕಲತನದ ಮನಿಯಾಂವ!"

"ಕಾಳಿಗೆ ನಿಲ್ಲಸ್ತಿ, ಓದೋ ಹುಡುಗಿಗೆ ನಿಲ್ಸಂಗಿಲ್ಲ. ಭಾರಿ ಒಕ್ಕಲತನ ನಿಂದು."

ಬಸ್ಸಿನೊಳಗೆ ಯಾರೋ ಕಿಸಕ್ಕನೆ ನಕ್ಕರು.

"ಇಲ್ಲಿ ಈಗ ಸ್ಟಾಪ್ ಇಲ್ಲ."

"ರಸ್ತೆಗಂತ ನಮ್ಮ ಹೊಲದ ಬದು ತಗೊಂಡಾಗ ಇತ್ತು. ಡಾಂಬರ್ ಬಿದ್ದ ಮ್ಯಾಲ ನಾವ ಇಲ್ಲದಂಗ ಆತೇನು?"

"ಪೊಲೀಸರ್ನ ಕರೀತೀನಿ ನೋಡು!"

"ಕರಿ. ಅವರು ಬರೂದ್ರಾಗ ಇನ್ನೊಂದು ಬುಟ್ಟಿ ತರ್ತೀನಿ."

ಫಕೀರೇಶ ಹಣೆ ಚಚ್ಚಿಕೊಂಡ. ಬಾಗಿಲು ತೆರೆಯಿತು. ಕಾವೇರಿ ಹತ್ತಿದಳು. ಕಳಕವ್ವ ಮಾತ್ರ ಅಲ್ಲಾಡಲಿಲ್ಲ.

"ಹತ್ತಿದ್ಲಲ್ಲ, ತಗಿ ಇನ್ನ!"

"ನಾಳಿ?"

"ನಾಳಿನೂ ನಿಲ್ಲಸ್ತೀನಿ, ಮಾರಾಯ್ತಿ."

"ಬೆನಕಪ್ಪನ್ನ ಮುಟ್ಟಿ ಹೇಳು."

ಅವನು ಇಳಿದ. ಬೂಟು ಬಿಚ್ಚಿ, ರಾಶಿಯ ಮುಂದೆ ಬಗ್ಗಿ, ಇಡೀ ಬಸ್ಸು ನೋಡುತ್ತಿರುವಾಗ ಬೆನಕಪ್ಪನನ್ನು ಮುಟ್ಟಿದ. "ದಿನಾ ನಿಲ್ಲಸ್ತೀನಿ."

ಆಮೇಲೆಯೇ ಕಳಕವ್ವ ಕಸಬರಿಗೆ ಕೈಗೆ ತೆಗೆದುಕೊಂಡದ್ದು. ಹಿಂದೆ ಸಾಲುಗಟ್ಟಿದ ಲಾರಿಗಳು ಹಾರ್ನು ಹೊಡೆಯುತ್ತಲೇ ಇದ್ದವು. ಅವಳು ಒಂದೊಂದು ಕಾಳನ್ನೂ ಬಳಿದಳು, ಅವಸರವೇನೂ ಮಾಡಲಿಲ್ಲ.