ಸೀಳಿದ ಹಿತ್ತಾಳೆ

ಚಾಮರಾಜನಗರದ ಆಸ್ಪತ್ರೆಯ ವರಾಂಡದಲ್ಲಿ ಶಿವಮ್ಮ ಮಲ್ಲೇಶನ ಎರಡೂ ಕೈ ಹಿಡಿದುಕೊಂಡಳು.

"ನೀನು ಓಡ್ಬಂದು ಆಟೋಗೆ ಆಕ್ದೆ ಇದ್ದಿದ್ರೆ ನಮ್ಮ ಯಜಮಾನ್ರು ಉಳೀತಿರ್ನಿಲ್ಲ ಕಣಪ್ಪ."

ಮಲ್ಲೇಶ ತಲೆಯೆತ್ತಲಿಲ್ಲ. ಬದನಗುಪ್ಪೆಯ ಕಾರ್ಖಾನೆಯಲ್ಲಿ ಲೇತ್ ಕೆಲಸ ಅವನದು. ರಜೆ ಬಂದರೆ ಹರದನಹಳ್ಳಿಯ ಮನೆಯ ಹಿತ್ತಲಲ್ಲಿ ಕೂತು, ಹಾರಿಸಿ ಖಾಲಿಯಾದ ಹಿತ್ತಾಳೆ ಕಾಡತೂಸುಗಳಿಗೆ ಕದ್ದುಮುಚ್ಚಿ ಮತ್ತೆ ಮದ್ದು ತುಂಬಿಕೊಡುತ್ತಿದ್ದ. ಕಾಡುಹಂದಿಯಿಂದ ಬೆಳೆ ಕಾಯುವ ರೈತರು ಹುಡುಕಿಕೊಂಡು ಬರುತ್ತಿದ್ದರು. ಕೈ ಅಂದ್ರೆ ಮಲ್ಲೇಶನ ಕೈ ಎಂದು ಅವರು ಹೊಗಳಿದರೆ ಅವನಿಗೆ ಹೊಟ್ಟೆ ತುಂಬುತ್ತಿತ್ತು.

ಶಿವಮ್ಮನ ಗಂಡ ಮಾದಣ್ಣ ಕೊಟ್ಟ ಹಿತ್ತಾಳೆಗಳಲ್ಲಿ ಒಂದರ ಬುಡದಲ್ಲಿ ಕೂದಲೆಳೆಯಷ್ಟು ಸೀಳಿತ್ತು. ಉಗುರಿಗೂ ತಾಕಿತ್ತು. ಇದಾಗಲ್ಲ ಅನ್ನಲು ಜಂಬ ಬಿಡಲಿಲ್ಲ, ತುಂಬಿಕೊಟ್ಟುಬಿಟ್ಟ. ಅರಿಸಿನದ ಹೊಲದಲ್ಲಿ ಅದನ್ನು ಹಾರಿಸುವಾಗ ಕೋವಿ ಸಿಡಿದು ಮಾದಣ್ಣನ ಬಲಗಣ್ಣು ಹೋಯಿತು.

ವಾರ್ಡಿನಲ್ಲಿ ಮಾದಣ್ಣ ಅವನನ್ನು ಹತ್ತಿರ ಕರೆದ. "ನಾನೇ ತುಂಬ್ಕಂಡಿದ್ದೆ ಅಂತ ಪೊಲೀಸ್ನೋರ್ಗೆ ಏಳಿವ್ನಿ. ನೀ ಬಾಯ್ ಬುಡ್ಬ್ಯಾಡ ಕಣ್ಲಾ. ನನ್ ಅಣೆಬರ ಇದು, ನೀನ್ಯಾಕೆ ಕೆಲ್ಸ ಕಳ್ಕತೀಯ?"

ಹೊಡೆದಿದ್ದರೂ ಇಷ್ಟು ನೋಯುತ್ತಿರಲಿಲ್ಲ. "ಅಣೆಬರ ಅಲ್ಲ ಕಣಣ್ಣ," ಎಂದ ಮಲ್ಲೇಶ. "ಅದು ಸೀಳಿದ್ದು ನಂಗೊತ್ತಿತ್ತು. ನೋಡಿನೇ ಕೊಟ್ಟೆ."

ಮಾದಣ್ಣ ಗೋಡೆಯ ಕಡೆ ತಿರುಗಿ ಮಲಗಿದ. ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದ ಶಿವಮ್ಮನಿಗೆ ಎಲ್ಲ ಕೇಳಿಸಿತ್ತು. ಲೋಟ ಕೆಳಗಿಟ್ಟಳು. ಕೆನ್ನೆಗೆ ಬಾರಿಸುತ್ತಾಳೆಂದು ಮಲ್ಲೇಶ ಕಾದ.

"ಇನ್ಯಾರ್‍ಯಾರ್ಗೆ ಕೊಟ್ಟಿದ್ದೀಯ?"

ಅವನಿಗೆ ಅದು ಹೊಳೆದೇ ಇರಲಿಲ್ಲ. "ನಮ್ಮೂರ ಗಂಗಾಧರಸ್ವಾಮಿಗಳ್ಗೆ. ಗುಂಡ್ಲುಪೇಟೆ ತಾವ ಚಿಕ್ಕಣ್ಣಂಗೆ."

"ಇಲ್ ನಿಂತ್ಕಂಡು ಅಳ್ಬ್ಯಾಡ. ನಡಿ."

ಬೈಕಿನ ಹಿಂದೆ ಅವಳೇ ಕೂತಳು. ವಯಸ್ಸಾದ ಗಂಗಾಧರಸ್ವಾಮಿ ಮೊದಲು ಕಾಡತೂಸು ವಾಪಸು ಕೊಡಲು ಒಪ್ಪಲಿಲ್ಲ. "ನೀನು ತುಂಬಿದ್ದು ಯಾವತ್ತು ಕೈಕೊಟ್ಟದೆ ಮಲ್ಲೇಶ? ಹಂದಿ ಬಂದ್ರೆ ಏನ್ ಮಾಡ್ಲಿ?"

"ನನ್ ಕೈ ನಂಬ್ಬೇಡಿ ಸ್ವಾಮಿ," ಎಂದ ಮಲ್ಲೇಶ. ಹೊಗಳಿದವರ ಮುಂದೆಯೇ ಮಾದಣ್ಣನ ಕಣ್ಣಿನ ಕಥೆ ಹೇಳಿದ. ಮುದುಕರು ಶಿವಮ್ಮನ ಮುಖ ನೋಡಿ, ಒಳಗಿಂದ ಕಾಡತೂಸಿನ ಗಂಟು ತಂದುಕೊಟ್ಟರು. ಗುಂಡ್ಲುಪೇಟೆಯ ಚಿಕ್ಕಣ್ಣ ಬೈದುಕೊಂಡೇ ಕೊಟ್ಟ.

ವಾಪಸು ಬರುತ್ತಾ ಮಲ್ಲೇಶ ಪೊಲೀಸ್ ಠಾಣೆಯ ಮುಂದೆ ಬೈಕ್ ನಿಲ್ಲಿಸಿದ. "ಅಕ್ಕ, ನೀನು ಬಸ್ಸಿಗೋಗು. ಇದ್ನ ನಾನೇ ಒಳಿಕ್ಕೆ ಕೊಡ್ತೀನಿ."

"ನಾನೂ ಬತ್ತೀನಿ. ನಮ್ಮೋರು ಏಳಿರೋ ಸುಳ್ಳೂ ಸರಿ ಮಾಡ್ಬೇಕಲ್ಲ." ಶಿವಮ್ಮ ಸೆರಗು ಸರಿಮಾಡಿಕೊಂಡು ಇಳಿದಳು. "ಮನ್ನಿಸ್ಬುಟ್ಟೆ ಅಂತ ತಿಳ್ಕಬ್ಯಾಡ."

"ಇಲ್ಲಕ್ಕ," ಎಂದು ಅವನು ಗಂಟು ಎತ್ತಿಕೊಂಡ.